ನಡುಮನೆಯ ಸುತ್ತ ಒಂದು ತಂತಿ

ಅವನು ನಮ್ಮ ಮನೆಯೊಳಗೆ ಕಾಲಿಟ್ಟು ಐದು ನಿಮಿಷ ಆಗಿರಲಿಲ್ಲ, ಏಳು ವರ್ಷದಿಂದ ಯಾರ ಕಣ್ಣಿಗೂ ಬೀಳದ ನನ್ನ ಕಳ್ಳತನವನ್ನು ಹಿಡಿದುಬಿಟ್ಟ.

ಎರಡು ಸಾವಿರದ ಎರಡನೇ ಇಸವಿ, ಜೂನ್ ತಿಂಗಳ ಒಂದು ಭಾನುವಾರ. ಮೈಸೂರಿನ ಕುಂಬಾರಕೊಪ್ಪಲಿನ ನಮ್ಮ ನಡುಮನೆಯಲ್ಲಿ ನಾನು ಬೆತ್ತದ ಕುರ್ಚಿಯ ಮೇಲೆ ಕೂತು, ಅಮ್ಮ ಹೇಳುತ್ತಿದ್ದುದಕ್ಕೆಲ್ಲ ತಲೆ ಆಡಿಸುತ್ತಿದ್ದೆ. ಲಷ್ಕರ್ ಮೊಹಲ್ಲಾದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿರುವ ಮಹಾಂತೇಶ ಎಂಬಾತ ಬಂದಿದ್ದ. ಹೆಗಲಿಗೆ ರೆಕ್ಸಿನ್ ಬ್ಯಾಗು, ಕೈಯಲ್ಲಿ ಒಂದು ಸುರುಳಿ ತೆಳ್ಳನೆಯ ತಂತಿ. ಗೋಡೆಯ ಅಳತೆ ತೆಗೆಯುತ್ತಾ ನನ್ನ ಹಿಂದೆ ಹಾದುಹೋಗುತ್ತಿದ್ದವನು ಅಲ್ಲೇ ನಿಂತ. ಆಮೇಲೆ ಮುಂದೆ ಬಂದು, ತಂತಿಯ ಡಬ್ಬದಿಂದ ಒಂದು ರಟ್ಟು ಹರಿದು, ಬಾಲ್‌ಪೆನ್ನಿನಲ್ಲಿ ಏನೋ ಗೀಚಿ, ಅಮ್ಮನಿಗೆ ಕಾಣದ ಹಾಗೆ ನನ್ನ ಮುಂದೆ ಹಿಡಿದ.

'ಮೇಡಂ, ನೀವು ಟಿ ಮೇಲಿದ್ದೀರಿ. ನಿಮ್ಮ ತಾಯಿ ಹೇಳ್ತಿರೋದು ಒಂದಕ್ಷರಾನೂ ಕೇಳಿಸ್ತಿಲ್ಲ, ಅಲ್ವಾ?'

ನಾನು ರಟ್ಟು ನೋಡಿದೆ, ಅವನನ್ನು ನೋಡಿದೆ. ಒಂದು ಹುಬ್ಬು ಮೇಲೆ, ಒಂದು ಹುಬ್ಬು ಕೆಳಗೆ ಮಾಡಿಕೊಂಡು ನಿಂತಿದ್ದ. ನನಗೆ ನಾಚಿಕೆ ಆಗಬೇಕಿತ್ತು, ಆಗಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಆಗುತ್ತಿರಲಿಲ್ಲ.

ಟಿ ಅಂದರೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ನನ್ನ ಬಲಗಿವಿಯ ಹಿಂದೆ ಗೋಡಂಬಿಯ ಆಕಾರದ ಒಂದು ಮೆಷಿನ್ ಕೂತಿರುತ್ತದೆ. ಅದರ ಬೆನ್ನಿಗೆ ಉಗುರಿನ ತುದಿಯಷ್ಟು ಗುಂಡಿ, ಆ ಗುಂಡಿಗೆ ಮೂರು ಜಾಗ. ಓ ಅಂದರೆ ಬಂದ್. ಎಂ ಅಂದರೆ ಮೈಕು, ಸುತ್ತಲಿನ ಸದ್ದೆಲ್ಲ ಒಟ್ಟಿಗೇ ನುಗ್ಗುತ್ತದೆ. ನಡುವಿನ ಟಿ ಟೆಲಿಫೋನಿಗೆ ಅಂತ ಮಾಡಿದ್ದು. ಅಲ್ಲಿಟ್ಟರೆ ಮೈಕು ಮಲಗುತ್ತದೆ, ಮೆಷಿನ್ನಿನ ಒಳಗಿರುವ ಒಂದು ಪುಟ್ಟ ತಂತಿಸುರುಳಿ ಏಳುತ್ತದೆ. ಆ ಸುರುಳಿಗೆ ಕೇಳಿಸುವುದು ಕರೆಂಟು ಹರಿಯುವ ತಂತಿಯ ಅಯಸ್ಕಾಂತ ಶಕ್ತಿ ಮಾತ್ರ. ಮನುಷ್ಯರು ಎದುರಿಗೆ ನಿಂತು ಅರಚಿದರೂ ಅದಕ್ಕೆ ಗೊತ್ತಾಗುವುದಿಲ್ಲ.

ನಾನು ಬದುಕಿದ್ದು ಟಿ ಮೇಲೆ. ಕಿವಿಯಲ್ಲಿ ಮೆಷಿನ್ ಇರುವುದರಿಂದ ಎಲ್ಲರೂ ನನಗೆ ಕೇಳಿಸುತ್ತಿದೆ ಅಂದುಕೊಳ್ಳುತ್ತಿದ್ದರು. ಅವರು ನಕ್ಕರೆ ನಾನೂ ನಗುತ್ತಿದ್ದೆ, ಮಾತು ನಿಲ್ಲಿಸಿ ನನ್ನ ಕಡೆ ನೋಡಿದರೆ ತಲೆ ಆಡಿಸುತ್ತಿದ್ದೆ. ನೂರಕ್ಕೆ ತೊಂಬತ್ತು ಸಲ ಅಷ್ಟು ಸಾಕಾಗುತ್ತದೆ, ನಂಬಿ. ಕಿವಿಯಲ್ಲಿ ಟ್ಯೂಬ್‌ಲೈಟಿನ ಗುಂಯ್, ಫ್ರಿಜ್ಜಿನ ಗುಂಯ್, ಮೀಟರ್ ಬೋರ್ಡಿನ ಹತ್ತಿರ ಹೋದರೆ ಇನ್ನೂ ದಪ್ಪನೆಯ ಗುಂಯ್. ಓ ಮೇಲಿಟ್ಟರೆ ಬಾವಿಗೆ ಇಳಿದ ಹಾಗಾಗುತ್ತಿತ್ತು. ಟಿ ಮೇಲೆ ಆ ಗುಂಯ್ ಜೊತೆಗಿರುತ್ತಿತ್ತು, ನನ್ನಿಂದ ಏನನ್ನೂ ಬಯಸುತ್ತಿರಲಿಲ್ಲ.

ಇಪ್ಪತ್ತನಾಲ್ಕರಲ್ಲಿ ನನಗೆ ಕ್ಷಯ ಬಂತು. ಪ್ರಾಣ ಉಳಿಯಬೇಕಾದರೆ ಈ ಇಂಜೆಕ್ಷನ್ ಬೇಕು, ಕಿವಿಗೆ ತೊಂದರೆ ಆಗಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಕಾಯಿಲೆ ಹೋಯಿತು, ಕಿವಿಯೂ ಹೋಯಿತು. ಎಡಗಡೆ ಪೂರ್ತಿ, ಬಲಗಡೆ ಮುಕ್ಕಾಲು. ಆಗ ನನಗೆ ಮಂಡ್ಯದ ಒಬ್ಬ ಲೆಕ್ಚರರ್ ಜೊತೆ ಮದುವೆ ಗೊತ್ತಾಗಿತ್ತು. ಪ್ರತಿ ಭಾನುವಾರ ಹತ್ತು ಗಂಟೆಗೆ ಫೋನ್ ಮಾಡುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೊದಲ ಭಾನುವಾರ ನಾನೇ ರಿಸೀವರ್ ಎತ್ತಿ ಹಲೋ ಹಲೋ ಅಂದೆ. ಆ ಕಡೆಯಿಂದ ಏನು ಬಂತೋ ಗೊತ್ತಿಲ್ಲ. ಮುಂದಿನ ಭಾನುವಾರ ಫೋನ್ ಬರಲಿಲ್ಲ ಅಂತ ಅಮ್ಮ ಹೇಳಿದಳು. ಬಂದಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ.

ಅಳಲಿಲ್ವಾ ಅಂತ ಕೇಳುವವರಿದ್ದಾರೆ. ಇಲ್ಲ, ಅಳಲಿಲ್ಲ. ತುಂಬ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ತಿಳಿಯುವುದಿಲ್ಲ, ಅಷ್ಟೇ. ಯೂನಿವರ್ಸಿಟಿಯ ಪರೀಕ್ಷಾ ವಿಭಾಗದಲ್ಲಿ ಕೆಲಸ ಸಿಕ್ಕಿತು. ದಿನವಿಡೀ ಮಾರ್ಕ್ಸ್ ಕಾರ್ಡು ತಾಳೆ ನೋಡುವುದು. ಅಲ್ಲಿ ಯಾರಿಗೂ ನನ್ನ ಕಿವಿ ಬೇಕಿರಲಿಲ್ಲ.

ಬೇಕಾಗಿದ್ದು ಅಮ್ಮನಿಗೆ. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಸಂಜೆಯ ಸೀರಿಯಲ್ಲೇ ಊಟ ಉಪಚಾರ. "ಒಬ್ಳೇ ನೋಡಿ ನೋಡಿ ಸಾಕಾಗೋಯ್ತು ಕಣೆ. ಆ ಸೊಸೆ ಅಂಗೆ ಮಾಡ್ಬುಟ್ಳಲ್ಲ ಅಂದ್ರೆ, ಹೌದಮ್ಮ ಅನ್ನೋರು ಒಬ್ರು ಬೇಡ್ವಾ?" ಅಂತ ಗೋಳಾಡಿದಳು. ಕಿವಿ ಪರೀಕ್ಷೆಗೆ ಹೋಗುವ ಸಂಸ್ಥೆಯಲ್ಲಿ ಒಬ್ಬರು ಉಪಾಯ ಹೇಳಿಕೊಟ್ಟರು. ಕೋಣೆಯ ಸುತ್ತ ಒಂದು ತಂತಿ ಎಳೆದು, ಟಿ.ವಿ.ಯ ಸದ್ದನ್ನು ಆಂಪ್ಲಿಫೈಯರ್ ಮೂಲಕ ಆ ತಂತಿಗೆ ಬಿಟ್ಟರೆ, ಒಳಗೆ ಎಲ್ಲಿ ಕೂತರೂ ಟಿ ಮೇಲಿಟ್ಟವರ ಕಿವಿಯಲ್ಲಿ ನೇರವಾಗಿ ಟಿ.ವಿ. ಮಾತಾಡುತ್ತದೆ. ಅದಕ್ಕೇ ಈ ಮಹಾಂತೇಶ ಬಂದದ್ದು. ನನ್ನ ಗುಹೆಯ ಸುತ್ತ ತಂತಿ ಎಳೆಯುವುದಕ್ಕೆ.

ಅಮ್ಮ ಅಡುಗೆಮನೆಗೆ ಹೋದ ಮೇಲೆ ನಾನು ಗುಂಡಿಯನ್ನು ಎಂ ಕಡೆ ತಳ್ಳಿ, "ಅಮ್ಮಂಗೆ ಹೇಳ್ತೀರಾ?" ಅಂದೆ.

"ನಂಗ್ಯಾಕೆ ಬೇಕ್ರೀ," ಅಂದ. ಕೂಗಲಿಲ್ಲ. ಹೊಸಬರೆಲ್ಲ ನನ್ನ ಹತ್ತಿರ ಕೂಗುತ್ತಾರೆ. ಇವನು ಬೆಳಕಿನ ಕಡೆ ಮುಖ ಮಾಡಿ, ತುಟಿ ಕಾಣುವ ಹಾಗೆ, ಮಾಮೂಲಿ ದನಿಯಲ್ಲಿ ಮಾತಾಡಿದ. "ನಮ್ಮಪ್ಪನೂ ಮೆಷಿನ್ ಹಾಕ್ಕೊಂತಿದ್ರು, ಜೇಬಿನ ಮೆಷಿನ್. ಅವ್ವ ಬೈಯೋಕೆ ಶುರು ಮಾಡಿದ ಕೂಡ್ಲೇ ಅವರ ಕೈ ಜೇಬಿಗೆ ಹೋಗೋದು. ಬೈಗುಳ ಮುಗಿಯೋವರ್ಗೂ ಹೌದು ಹೌದು ಅಂತ ತಲೆ ಆಡಿಸೋರು. ಥೇಟ್ ನಿಮ್ಮ ಹಾಗೆ."

ನನ್ನ ತುಟಿಯ ಒಂದು ಮೂಲೆ ಅಲ್ಲಾಡಿತು. ಅವನು ಅದನ್ನು ನೋಡಿದ. ನೋಡಿದ್ದು ಗೊತ್ತಾಗಬಾರದು ಅಂತ ತಂತಿಯ ಕಡೆ ಬಗ್ಗಿದ. ಅದೂ ನನಗೆ ಗೊತ್ತಾಯಿತು.

ಮಧ್ಯಾಹ್ನದ ಹೊತ್ತಿಗೆ ತಂತಿ ಗೋಡೆಯ ಬುಡದಲ್ಲಿ ಓಡಿ, ಬಾಗಿಲ ಚೌಕಟ್ಟು ಹತ್ತಿ ಇಳಿದು, ಬಸವಣ್ಣನ ಪಟದ ಕೆಳಗೆ ಹಾದು, ಟಿ.ವಿ. ಸ್ಟ್ಯಾಂಡಿಗೆ ವಾಪಸ್ ಬಂದಿತ್ತು. ಟಿ.ವಿ. ನಡೆಯುವಾಗಲೂ ಅಮ್ಮ ನನ್ನನ್ನು ಕರೆಯಬಹುದು ಅಂತ ಒಂದು ಮೈಕನ್ನೂ ಸಿಕ್ಕಿಸಿದ್ದ. ನನ್ನನ್ನು ನಡುಮನೆಯಲ್ಲಿ ಕೂರಿಸಿ, ಟಿ ಮೇಲಿಡಿ ಅಂತ ಸನ್ನೆ ಮಾಡಿ, ಮೈಕು ಕೈಗೆತ್ತಿಕೊಂಡ. ಹಲೋ ಮೈಕ್ ಟೆಸ್ಟಿಂಗ್ ಅನ್ನುತ್ತಾನೆ ಅಂದುಕೊಂಡೆ.

"ಮೇಡಂ, ನಿಮ್ಮ ಕಾಫಿ ಆರಿ ಹೋಗ್ತಿದೆ."

ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಏಳು ವರ್ಷದಿಂದ ನಾನು ಕೇಳಿದ ದನಿಗಳೆಲ್ಲ ಫ್ಯಾನಿನ ಗಾಳಿ, ಪಾತ್ರೆಯ ಸದ್ದು, ರಸ್ತೆಯ ಗಲಾಟೆ ಎಲ್ಲ ಮೆತ್ತಿಕೊಂಡು ಬಂದವು. ಇದು ಬರೀ ದನಿ. ಕೊನೆಯಲ್ಲಿ ನಗು ತಡೆದುಕೊಂಡದ್ದೂ ಕೇಳಿಸಿತು. ಅವನು ಹತ್ತು ಅಡಿ ದೂರದಲ್ಲಿದ್ದ, ಮಾತು ನನ್ನ ತಲೆಯ ಒಳಗಿತ್ತು. ಲೋಟ ಎತ್ತಿಕೊಂಡು ಕುಡಿದೆ. ಕಾಫಿ ನಿಜವಾಗಿಯೂ ಆರಿತ್ತು.

ಟಿ.ವಿ. ಹಾಕಿದಾಗ ಮಾತ್ರ, ಆಂಪ್ಲಿಫೈಯರ್ ಅದರ ಹತ್ತಿರವೇ ಇದ್ದದ್ದರಿಂದ, ಮಾತಿನ ಹಿಂದೆ ಒಂದು ಗುಂಯ್ ಉಳಿಯಿತು. ಅದನ್ನು ಕಡಿಮೆ ಮಾಡಲು ಅವನು ಮುಂದಿನ ಭಾನುವಾರ ಬಂದ, ಅದರ ಮುಂದಿನ ಭಾನುವಾರವೂ ಬಂದ. ಆ ಗುಂಯ್ ಬಗ್ಗೆ ಇಬ್ಬರೂ ತುಂಬ ತಲೆಕೆಡಿಸಿಕೊಂಡೆವು.

"ಈಗ ಹೇಗಿದೆ?" ಮೈಕಿನಲ್ಲಿ ಕೇಳುತ್ತಿದ್ದ.

"ಸ್ವಲ್ಪ ಇದೆ."

"ಎಷ್ಟು ಸ್ವಲ್ಪ? ಸೊಳ್ಳೆಯಷ್ಟಾ, ಜೀರುಂಡೆಯಷ್ಟಾ?"

"ನಿಮ್ಮಷ್ಟು."

"ಹಂಗಾದ್ರೆ ಜಾಸ್ತೀನೇ ಇದೆ ಬಿಡಿ," ಅಂತ ಮತ್ತೆ ಸ್ಕ್ರೂ ಬಿಚ್ಚುತ್ತಿದ್ದ.

ನಾನು ತಮಾಷೆ ಮಾಡಿದ್ದೆ. ಮಾಡಿ ಐದು ನಿಮಿಷದ ಮೇಲೆ ನನಗೇ ಅದು ಹೊಳೆಯಿತು. ಸಂತೋಷ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಯಾರೋ ನನ್ನ ಬದಲು ಮಾತಾಡಿ ಎದ್ದು ಹೋದಂತಿತ್ತು.

ಮೂರನೇ ಭಾನುವಾರ ಅವನ ಕಣ್ಣು ಮೂಲೆಯ ಫೋನಿನ ಮೇಲೆ ಬಿತ್ತು. ಅಮ್ಮ ಅದಕ್ಕೆ ಕ್ರೋಷಾ ಬಟ್ಟೆ ಹೊದಿಸಿದ್ದಳು. ಡಯಲ್ ತಿರುಗಿಸುವ ಹಳೇ ಕರಿ ಫೋನು.

"ಇದನ್ನ ಬದಲಾಯಿಸ್ಬೇಡಿ ಕಣಮ್ಮ," ಅಂತ ಅಮ್ಮನಿಗೆ ಹೇಳಿದ. "ಹಳೇ ರಿಸೀವರಿನ ಅಯಸ್ಕಾಂತ ದೊಡ್ಡದು. ಮೇಡಂ ಟಿ ಮೇಲಿಟ್ಕೊಂಡು ಇದ್ರಲ್ಲಿ ಆರಾಮಾಗಿ ಮಾತಾಡ್ಬಹುದು." ನನ್ನ ಕಡೆ ತಿರುಗಿ, "ಕಿವಿ ತೂತಿಗೆ ಹಿಡೀಬೇಡಿ. ಕಿವಿ ಹಿಂದೆ, ಮೆಷಿನ್ ಹತ್ರ ಹಿಡೀರಿ," ಅಂತ ಹೇಳಿ, ರಿಸೀವರಿನ ಮೇಲೆ ಮೆಷಿನ್ ತಾಗಬೇಕಾದ ಜಾಗಕ್ಕೆ ಒಂದು ಚೂರು ಕೆಂಪು ಇನ್ಸುಲೇಷನ್ ಟೇಪು ಅಂಟಿಸಿದ.

"ಬೇಡ. ನಂಗೆ ಫೋನ್ ಮಾಡೋರು ಯಾರೂ ಇಲ್ಲ."

"ನಿಮಗ್ಯಾರೂ ಮಾಡದಿದ್ರೆ ಬೇಡ. ನೀವೇ ಮಾಡಿ."

"ಯಾರಿಗೆ?"

ಅವನು ಟೇಪಿನ ಅಂಚನ್ನು ಹೆಬ್ಬೆರಳಿನಲ್ಲಿ ಒತ್ತಿದ. ಒತ್ತಿದ್ದನ್ನೇ ಮತ್ತೆ ಒತ್ತಿದ. ಕಣ್ಣು ಮೇಲೆತ್ತಿ, ನನ್ನನ್ನು ನೋಡಿ, ಗೋಡೆಯ ಕ್ಯಾಲೆಂಡರ್ ನೋಡಿ, ಕಿವಿ ಕೆಂಪಗೆ ಮಾಡಿಕೊಂಡು, "ಅಂಗಡೀಲಿ ಯಾವಾಗ್ಲೂ ನಾನೇ ಎತ್ತೋದು," ಅಂದ. ನಾನು ಕ್ರೋಷಾ ಬಟ್ಟೆಯನ್ನು ಮತ್ತೆ ಹೊದಿಸಿದೆ.

ಕೆಲವು ವರ್ಷಗಳಿಂದ ನನಗೆ ಗಂಡು ಹುಡುಕುತ್ತಿದ್ದದ್ದು ಮಾವ ಜವರಪ್ಪ, ಅಮ್ಮನ ಅಣ್ಣ. ಈ ಸಲ ನಂಜನಗೂಡಿನ ಕಡೆಯ ಶಿವಕುಮಾರ್, ಹಾರ್ಡ್‌ವೇರ್ ಅಂಗಡಿ, ಮೂವತ್ತೆಂಟು ವಯಸ್ಸು. ನಾಲ್ಕನೇ ಭಾನುವಾರ ಸಂಜೆ ನಾಲ್ಕಕ್ಕೆ ನೋಡಲು ಬರುತ್ತಾರೆ ಅಂತಾಯಿತು. ಅಷ್ಟರೊಳಗೆ ಗುಂಯ್ ತೆಗೆದುಬಿಡು, ಹುಡುಗಿ ಟಿ.ವಿ. ಕೇಳುತ್ತಾಳೆ ಅಂತ ಅವರಿಗೆ ತೋರಿಸಬೇಕು ಅಂತ ಅಮ್ಮ ಮಹಾಂತೇಶನಿಗೆ ಹೇಳಿ ಕಳಿಸಿದ್ದಳು. ಅವನು ಎರಡು ಗಂಟೆಗೆ ಬಂದ. ಆಂಪ್ಲಿಫೈಯರನ್ನು ಟಿ.ವಿ.ಯಿಂದ ದೂರ, ಪಕ್ಕದ ಕೋಣೆಗೆ ಸಾಗಿಸಿದ, ಮೈಕೂ ಅದರ ಜೊತೆ ಹೋಯಿತು. ಗುಂಯ್ ಅನ್ನುವುದು ಹೋಗಿಯೇಬಿಟ್ಟಿತು. ಇಷ್ಟು ಸುಲಭದ ಕೆಲಸವನ್ನು ಮೂರು ವಾರ ಯಾಕೆ ಮಾಡಲಿಲ್ಲ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಗಂಡಿನ ಕಡೆಯವರು ಒಂದು ಗಂಟೆ ಮೊದಲೇ ಬಂದುಬಿಟ್ಟರು. ಅಮ್ಮ ಗಾಬರಿಯಾಗಿ, "ನೀನು ಒಳಗೇ ಇರಪ್ಪ, ಅವರು ಹೋದ್ಮೇಲೆ ಹೋಗು," ಅಂತ ಅವನನ್ನು ಕೋಣೆಯಲ್ಲೇ ಕೂರಿಸಿ, ಪರದೆ ಎಳೆದು, ಆ ಪರದೆಯ ಮುಂದೇ ತಾನು ಕುರ್ಚಿ ಹಾಕಿಕೊಂಡಳು.

ನಾನು ಉಪ್ಪಿಟ್ಟಿನ ತಟ್ಟೆಗಳನ್ನು ಕೊಟ್ಟು ಕೂತೆ. ಸೆರಗು ಸರಿಮಾಡುವ ನೆವದಲ್ಲಿ ಕೈ ಕಿವಿಯ ಹಿಂದೆ ಹೋಯಿತು, ಗುಂಡಿ ಟಿ ಮೇಲೆ ಬಂತು. ನೋಡಲು ಬಂದವರ ಮುಂದೆ ನಾನು ಯಾವಾಗಲೂ ಹಾಗೇ ಕೂರುತ್ತಿದ್ದೆ. ಇವರು ಐದನೆಯವರು. ಎಲ್ಲರ ಬಾಯಿಗಳೂ ಅಲ್ಲಾಡತೊಡಗಿದವು.

ಆಗ ತಲೆಯ ಒಳಗೆ ಮೆಲ್ಲಗೆ ದನಿ ಬಂತು. "ಮೇಡಂ, ಬೆಚ್ಚಬೇಡಿ. ನೀವು ಟಿ ಮೇಲಿದ್ದೀರಿ ಅಂತ ಗೊತ್ತಾಯ್ತು, ಪರದೆ ಸಂದಿಯಿಂದ ಕಾಣ್ತಿದೆ."

ನಾನು ಬೆಚ್ಚಲಿಲ್ಲ. ಬೆನ್ನು ಮಾತ್ರ ನೆಟ್ಟಗಾಯಿತು.

"ಉಪ್ಪಿಟ್ಟು ಚೆನ್ನಾಗಿದೆ ಅಂತಿದ್ದಾರೆ. ನಗಿ. ಅಷ್ಟು ಬೇಡ, ಉಪ್ಪಿಟ್ಟಿಗೆ ಯಾರೂ ಅಷ್ಟು ನಗಲ್ಲ."

ನಗು ಕಡಿಮೆ ಮಾಡಿದೆ.

"ನೀವು ಚೆನ್ನಾಗಿ ಹಾಡ್ತೀರಿ ಅಂತ ನಿಮ್ಮ ಮಾವ ಬಿಡ್ತಿದ್ದಾರೆ. ಹೌದಾ, ಹಾಡ್ತೀರಾ?"

ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಮಾವನ ಬಾಯಿ ತೆರೆದಿದ್ದದ್ದು ಹಾಗೇ ನಿಂತಿತು.

"ಅಯ್ಯೋ, ನಂಗೆ ಉತ್ತರ ಕೊಡಬೇಡ್ರೀ!"

ನನಗೆ ಜೀವನದಲ್ಲೇ ಅಷ್ಟು ಕಷ್ಟಪಟ್ಟು ನಗು ತಡೆದುಕೊಂಡ ನೆನಪಿಲ್ಲ. ಗಂಡು ಶಿವಕುಮಾರ್ ತಲೆ ತಗ್ಗಿಸಿ ತಟ್ಟೆ ನೋಡುತ್ತಿದ್ದರು, ಕೆಟ್ಟ ಮನುಷ್ಯನ ಹಾಗೆ ಕಾಣಲಿಲ್ಲ. ಅವರ ತಾಯಿ ಮಂಗಳಮ್ಮ ತಟ್ಟೆ ಕೆಳಗಿಟ್ಟು ನನ್ನ ಕಡೆಗೇ ತಿರುಗಿ ಏನೋ ಕೇಳಿದರು. ಕೋಣೆಯಲ್ಲಿದ್ದ ಬಾಯಿಗಳೆಲ್ಲ ನಿಂತವು.

"ಈಗ ಹುಷಾರು," ದನಿಯಲ್ಲಿ ತಮಾಷೆ ಇರಲಿಲ್ಲ. "ನಮ್ಮನೆಯವರು ಹಾಸಿಗೆ ಹಿಡಿದಿದ್ದಾರೆ, ನೋಡ್ಕೊಳ್ಳೋಕೆ ಜನ ಬೇಕು, ಕೆಲ್ಸ ಬಿಟ್ಟು ಬರ್ತೀಯಾ, ಈ ಸಂಬಂಧ ಒಪ್ಪಿಗೆನಾ ಅಂತ ಕೇಳ್ತಿದ್ದಾರೆ. ಎಲ್ರೂ ನಿಮ್ಮನ್ನೇ ನೋಡ್ತಿದ್ದಾರೆ. ಮನಸ್ಸಿದ್ರೆ ಹೂಂ ಅನ್ನಿ. ಸುಮ್ನೆ ಅಭ್ಯಾಸಕ್ಕೆ ತಲೆ ಆಡಿಸ್ಬೇಡಿ." ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿಸಿತು. "ನನಗೋಸ್ಕರ ಹೇಳ್ತಿಲ್ಲ." ಮತ್ತೆ ಉಸಿರು. "ಸುಳ್ಳು. ನನಗೋಸ್ಕರಾನೂ ಹೇಳ್ತಿದ್ದೀನಿ."

ಎಲ್ಲ ಕೇಳಿಸಿತು. ಎಲ್ಲ ಅರ್ಥವಾಯಿತು. ಒಬ್ಬ ಮನುಷ್ಯ ನನ್ನನ್ನು ಬಯಸುತ್ತಾನೆ ಅನ್ನುವುದು ಒಂದು ಸಾಲಿನ ಹಾಗೆ ಕಣ್ಣ ಮುಂದೆ ಹಾದು ಹೋಯಿತು. ಒಳಗೆ ಎಲ್ಲೂ ತಾಗಲಿಲ್ಲ. ಇವರಾದರೇನು, ಅವನಾದರೇನು, ಯಾರ ಮನೆಯಲ್ಲಾದರೇನು ಅನ್ನಿಸಿತು.

ತಲೆ ಆಡಿಸಿದೆ.

ಎಲ್ಲರ ಮುಖಗಳೂ ಅರಳಿದವು. ಅಮ್ಮನ ಮುಖ ಮಾತ್ರ ಯಾಕೋ ಅರಳಲಿಲ್ಲ. ತಂತಿಯಲ್ಲಿ ಮೈಕನ್ನು ಮೇಜಿನ ಮೇಲೆ ಇಟ್ಟ ಸದ್ದು ಬಂತು, ಆಮೇಲೆ ಟಕ್ ಅಂತ ಸ್ವಿಚ್ಚಿನ ಸದ್ದು. ಅವರೆಲ್ಲ ಹೋದ ಮೇಲೆ ಪರದೆ ಸರಿಸಿ ನೋಡಿದರೆ ಕೋಣೆ ಖಾಲಿ. ನಾವು ಅವರನ್ನು ಕಳಿಸಲು ಜಗುಲಿಗೆ ಹೋದಾಗ ಹಿತ್ತಿಲ ಬಾಗಿಲಿಂದ ಹೋಗಿಬಿಟ್ಟಿದ್ದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಬರಲು ಕಾರಣವೇ ಇರಲಿಲ್ಲ, ಗುಂಯ್ ಹೋಗಿತ್ತಲ್ಲ. ಸಂಜೆ ಅಮ್ಮನ ಪಕ್ಕ ಕೂತು ಸೀರಿಯಲ್ ಕೇಳಿದೆ. ಅತ್ತೆ, ಸೊಸೆ, ನಾದಿನಿ ಎಲ್ಲರೂ ನನ್ನ ತಲೆಯೊಳಗೆ ಸ್ಪಷ್ಟವಾಗಿ ಜಗಳವಾಡಿದರು. "ನೋಡ್ದಾ ಅವಳ ಬಾಯಿ!" ಅಂತ ಅಮ್ಮ ಕೋಣೆಯಿಂದ ಎಳೆದು ತಂದಿದ್ದ ಮೈಕಿನಲ್ಲಿ ಹೇಳಿದಳು, "ಹೌದಮ್ಮ" ಅಂದೆ. ಅಮ್ಮ ಮೈಕು ಕೆಳಗಿಡುವಾಗಲೆಲ್ಲ ಮೇಜಿಗೆ ಅದು ತಾಗುವ ಸದ್ದು ಬರುತ್ತಿತ್ತು. ಆ ಸದ್ದು ನನಗೆ ಸಹಿಸಲಾಗುತ್ತಿರಲಿಲ್ಲ.

ಬುಧವಾರ ಆಫೀಸಿನಲ್ಲಿ ಬಿ.ಎ. ಎರಡನೇ ವರ್ಷದ ಪಟ್ಟಿ ನೋಡುತ್ತಾ ಕೂತಿದ್ದೆ. ಐವತ್ತೆರಡು, ನಲವತ್ತೇಳು, ಅರವತ್ತು. ಅರವತ್ತರ ಮೇಲೆ ಒಂದು ಹನಿ ಬಿದ್ದು ಶಾಯಿ ಹರಡಿತು. ಮೇಲೆ ಚಾವಣಿ ನೋಡಿದೆ, ಸೋರುತ್ತಿದೆಯೇನೋ ಅಂತ. ಸೋರುತ್ತಿದ್ದದ್ದು ನಾನು. ಜೋಮು ಹಿಡಿದಾಗ ನೋವಿರುವುದಿಲ್ಲ, ಬಿಡುವಾಗ ಇರುತ್ತದೆ.

ಆ ಸಂಜೆ ಬಸ್ಸು ಹಿಡಿದು ಲಷ್ಕರ್ ಮೊಹಲ್ಲಾಕ್ಕೆ ಹೋದೆ. ಅವನ ಅಂಗಡಿ ನೋಡಿದ್ದು ಅದೇ ಮೊದಲು. ಬೋರ್ಡಿನಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್, ಕಿವಿಯ ಮೆಷಿನ್ ರಿಪೇರಿ ಅಂತ ಬರೆದಿತ್ತು. ಅವನು ಟೇಬಲ್ ಲ್ಯಾಂಪಿನ ಕೆಳಗೆ ಬಗ್ಗಿ ಏನೋ ಬೆಸುಗೆ ಹಾಕುತ್ತಿದ್ದ. ಕೂದಲು ಹಣೆಯ ಮೇಲೆ ಬಿದ್ದಿತ್ತು, ಎರಡು ಕೈಗೂ ಬಿಡುವಿಲ್ಲದ್ದರಿಂದ ಊದಿ ಊದಿ ಅದನ್ನು ಸರಿಸುತ್ತಿದ್ದ. ಊದಿದಷ್ಟೂ ಅದು ವಾಪಸ್ ಬೀಳುತ್ತಿತ್ತು. ರಸ್ತೆಯ ಈ ಕಡೆ ನಿಂತು ಹನ್ನೊಂದು ಸಲ ಊದಿದ್ದನ್ನು ಎಣಿಸಿದೆ. ಪರದೆಯ ಹಿಂದೆ ಅಷ್ಟು ಮಾತಾಡಿದವನ ಎದುರಿಗೆ ಹೋಗಿ ಏನು ಹೇಳುವುದು? ಹೂಂ ಅಂದು ಬಂದವಳು ನಾನು. ರಸ್ತೆ ದಾಟಲಿಲ್ಲ, ಬಂದ ದಾರಿಯಲ್ಲೇ ಮನೆಗೆ ಹೋದೆ.

ಭಾನುವಾರ ಮಾವ ಬಂದರು. ಸೋಮವಾರ ಒಳ್ಳೆಯ ದಿನ, ವೀಳ್ಯಶಾಸ್ತ್ರ ಮುಗಿಸಿಬಿಡೋಣ ಅಂತ. ನಾನು ಎಂ ಮೇಲಿದ್ದೆ. ಆ ವಾರವೆಲ್ಲ ಎಂ ಮೇಲೇ ಇದ್ದೆ, ತಲೆ ಸಿಡಿದರೂ.

"ಉಡುಗಿ ಅವತ್ತೇ ಒಪ್ಕೊಂಡ್ಬುಟ್ಟವ್ಳಲ್ಲ ಕಣಮ್ಮ. ಇನ್ನೇನು ಯೋಚ್ನೆ ನಿಂದು?" ಅಂತ ಮಾವ ಅಮ್ಮನಿಗೆ ಹೇಳುತ್ತಿದ್ದರು.

"ಮೈ ಚೆನ್ನಾಗಿಲ್ಲ ಅಣ್ಣ, ಇನ್ನೊಂದು ವಾರ ಹೋಗ್ಲಿ," ಅಂದಳು ಅಮ್ಮ. ಹೋದ ವಾರವೂ ಅದನ್ನೇ ಹೇಳಿದ್ದಳು. ಅವಳ ಮೈಗೆ ಏನೂ ಆಗಿರಲಿಲ್ಲ.

ನಾನು ಎದ್ದೆ. ಫೋನಿನ ಮೇಲಿನ ಕ್ರೋಷಾ ಬಟ್ಟೆ ತೆಗೆದು ಮಡಚಿಟ್ಟೆ. ನಂಜನಗೂಡಿನ ನಂಬರನ್ನು ಮಾವ ಕ್ಯಾಲೆಂಡರಿನ ಮೇಲೆ ಬರೆದಿದ್ದರು. ಗುಂಡಿಯನ್ನು ಟಿ ಮೇಲಿಟ್ಟೆ. ನಡುಮನೆ ಮಾಯವಾಯಿತು. ಡಯಲ್ ತಿರುಗಿಸಿ, ಕೆಂಪು ಟೇಪು ಮೆಷಿನ್ನಿಗೆ ತಾಗುವ ಹಾಗೆ ರಿಸೀವರ್ ಹಿಡಿದೆ. ಟೇಪು ಪಕ್ಕಕ್ಕೆ ಜಾರಿತು. ಮತ್ತೆ ಸರಿಮಾಡಿಕೊಂಡೆ.

ಟ್ರಿಣ್ ಟ್ರಿಣ್ ಅಂತು. ಅವರ ಮನೆಯಲ್ಲಿ ಹೊಡೆಯುತ್ತಿದ್ದ ಗಂಟೆ ನನಗೆ ಕೇಳಿಸುತ್ತಿತ್ತು.

"ಹಲೋ, ಶಿವಕುಮಾರ್ ಮಾತಾಡ್ತಿರೋದು."

"ನಾನು ಬಿಂದುಶ್ರೀ," ಅಂದೆ. ನನ್ನ ದನಿ ನನಗೇ ಕೇಳಿಸಿತು! ಫೋನಿನಲ್ಲಿ ಆಡಿದ ಮಾತು ಆಡಿದವರಿಗೂ ಸ್ವಲ್ಪ ವಾಪಸ್ ಬರುತ್ತದಂತೆ, ಆಮೇಲೆ ತಿಳಿಯಿತು. ತುಂಬ ದಿನದಿಂದ ಕಾಣದ ಪರಿಚಯದವರ ದನಿಯಂತಿತ್ತು. "ಮೈಸೂರಿಂದ. ಅವತ್ತು ನಿಮ್ಮ ತಾಯಿಯವರು ಕೇಳಿದ್ದಕ್ಕೆ ನಾನು ತಲೆ ಆಡಿಸ್ದೆ. ಅದು ಒಪ್ಪಿಗೆ ಅಲ್ಲ. ನಾನು ಎಲ್ಲದಕ್ಕೂ ತಲೆ ಆಡಿಸ್ತೀನಿ. ತಪ್ಪು ನಂದು, ದಯವಿಟ್ಟು ಕ್ಷಮಿಸ್ಬೇಕು. ನನಗೆ ಬೇರೆಯವರ ಮೇಲೆ ಮನಸ್ಸಿದೆ."

ಏಳು ವರ್ಷದ ಹಿಂದಿನ ಭಾನುವಾರ ನೆನಪಾಗಿ, ರಿಸೀವರನ್ನು ಮೆಷಿನ್ನಿಗೆ ಇನ್ನೂ ಒತ್ತಿ ಹಿಡಿದೆ.

"ನಿಮ್ಮ ದನಿ ಇವತ್ತೇ ಕೇಳಿದ್ದು ನಾನು," ಅಂದರು ಶಿವಕುಮಾರ್. "ಅವತ್ತು ನಿಮ್ಮನ್ನ ಬಿಟ್ಟು ಮಿಕ್ಕೋರೆಲ್ಲ ಮಾತಾಡಿದ್ರು. ಹೇಳಿದ್ದು ಒಳ್ಳೇದಾಯ್ತು. ಅವ್ವಂಗೆ ನಾನು ಹೇಳ್ಕೋತೀನಿ ಬಿಡಿ."

ಫೋನ್ ಇಟ್ಟು ಎಂ ಕಡೆ ತಳ್ಳಿದೆ. ಮಾವ ಕೂಗುತ್ತಿದ್ದರು. "ಏನವ್ವ ಇದು? ಮರ್ವಾದೆ ಕಳ್ದ್ಬುಟ್ಟಲ್ಲ! ಯಾರವ್ನು? ಸಿದ್ದಮ್ಮ, ನಿಂಗೇನಾರ ಗೊತ್ತಾ ಇದು?"

"ಗೊತ್ತು," ಅಂದಳು ಅಮ್ಮ.

ನಾನು ಅವಳ ಕಡೆ ತಿರುಗಿದೆ.

"ಅವತ್ತು ನನ್ನ ಬೆನ್ನಿಂದೆ ಪರದೆ ಒಳ್ಗೆ ಕೂತ್ಕೊಂಡು ಆ ಹುಡುಗ ಮೈಕಲ್ಲಿ ಪಿಸಪಿಸ ಅಂತಿದ್ದದ್ದು ನಂಗೆ ಕೇಳಿಸ್ಲಿಲ್ಲ ಅಂದ್ಕೊಂಡ್ಯಾ? ನಂಗೇನು ಕಿವುಡಾ?" ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಷ್ಟು ಕೇಳಿದ್ಮೇಲೂ ತಲೆ ಆಡ್ಸಿದ್ಯಲ್ಲೇ, ನನ್ನ ಹೊಟ್ಟೆ ಉರ್ದೋಯ್ತು. ಆಗ್ಲೇ ಎದ್ದು ಬೇಡ ಅನ್ಬೇಕಿತ್ತು. ಆದ್ರೆ ನಿನ್ ಬಾಯಲ್ಲೇ ಬರ್ಲಿ ಅಂತ ಕಾದೆ. ಎರಡು ವಾರದಿಂದ ಇಲ್ದಿರೋ ಜ್ವರ ಹೇಳ್ಕೊಂಡು ಅಣ್ಣನ್ನ ತಡೀತಿದ್ದೀನಿ. ಇನ್ನೂ ಏನು ನಿಂತಿದ್ದೀಯ, ಅವನಿಗೆ ಫೋನ್ ಮಾಡು."

ಮಾವ ಕುರ್ಚಿಯಲ್ಲಿ ಕೂತುಬಿಟ್ಟರು.

ಆ ರಟ್ಟಿನ ಚೂರನ್ನು ನಾನು ಕಪಾಟಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದೆ. 'ನೀವು ಟಿ ಮೇಲಿದ್ದೀರಿ' ಅಂತ ಬರೆದಿದ್ದ ಪಕ್ಕದಲ್ಲೇ ಅವನ ಅಂಗಡಿಯ ರಬ್ಬರ್ ಸ್ಟ್ಯಾಂಪು, ಅದರಲ್ಲಿ ನಂಬರು. ಮತ್ತೆ ಟಿ, ಮತ್ತೆ ಡಯಲ್, ಮತ್ತೆ ಕೆಂಪು ಟೇಪು. ಭಾನುವಾರ ಅಂಗಡಿ ಬಾಗಿಲು ತೆರೆದಿರುತ್ತದೋ ಇಲ್ಲವೋ ಅಂತ ಆಗ ಹೊಳೆಯಿತು. ಮೂರು ಸಲ ಗಂಟೆ ಹೊಡೆಯಿತು, ನಾಲ್ಕು ಸಲ ಹೊಡೆಯಿತು.

"ಹಲೋ, ರೇಡಿಯೋ ಅಂಗಡಿ."

ತಲೆಯೊಳಗೆ ಅದೇ ದನಿ. ಹಿಂದೆ ಗುಂಯ್ ಇಲ್ಲ, ಏನೂ ಇಲ್ಲ. ಕಣ್ಣಲ್ಲಿ ನೀರು ತುಂಬಿ ಕ್ಯಾಲೆಂಡರಿನ ಅಂಕಿಗಳು ಕಲಸಿಹೋದವು.

"ಗುಂಯ್ ಅಂತಿದೆ," ಅಂದೆ. "ಬಂದು ನೋಡ್ಬೇಕಿತ್ತು."

"ಅದನ್ನ ಪೂರ್ತಿ ತೆಗ್ದಿದ್ನಲ್ಲ," ಅಂದ ಅವನು. ದನಿ ಗಟ್ಟಿಯಾಗಿರಲಿಲ್ಲ. "ನೀವು ಅವತ್ತು ಹೂಂ ಅಂದ್ರಿ, ಮೇಡಂ."

"ಇವತ್ತು ಇಲ್ಲ ಅಂದೆ. ಅವರಿಗೇ ಫೋನ್ ಮಾಡಿ ಅಂದೆ. ನೀವು ಟೇಪು ಅಂಟಿಸಿದ್ರಲ್ಲ, ಅಲ್ಲೇ ಹಿಡ್ಕೊಂಡು." ಉಸಿರು ಎಳೆದುಕೊಂಡೆ. "ನನಗೆ ಈ ಏಳು ವರ್ಷ ಏನೂ ತಿಳೀತಿರಲಿಲ್ಲ. ಈಗ ತಿಳೀತಿದೆ, ತುಂಬ ನೋಯ್ತಿದೆ. ನನಗೆ ನೀವು ಬೇಕು."

"ಏನಂದ್ರಿ? ಕೇಳಿಸ್ಲಿಲ್ಲ. ಅಂಗಡಿ ಮುಂದೆ ಬಸ್ಸು ನಿಂತಿದೆ. ಇನ್ನೊಂದ್ಸಲ ಹೇಳಿ."

ಕೇಳಿಸಲಿಲ್ಲ, ಇನ್ನೊಂದ್ಸಲ ಹೇಳಿ! ಏಳು ವರ್ಷ ನಾನು ಊರವರಿಗೆಲ್ಲ ಹೇಳಬೇಕಾಗಿದ್ದ, ಹೇಳಲು ಬೇಜಾರಾಗಿ ಟಿ ಮೇಲೆ ಅಡಗಿಕೊಂಡಿದ್ದ ಮಾತು.

"ನೀವು ಬೇಕು ಅಂದೆ!" ಅಂತ ಕೂಗಿದೆ. "ನೀವು! ಬೇಕು!"

ಅಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡಳು. ಮಾವ ಬಸವಣ್ಣನ ಪಟದ ಕಡೆ ನೋಡಿದರು. ಕಿಟಕಿಯಾಚೆ ಎದುರು ಮನೆಯ ಪುಟ್ಟಲಿಂಗಮ್ಮ ಮೊರ ಹಿಡಿದುಕೊಂಡು ಜಗುಲಿಗೆ ಬಂದು ನಿಂತರು.

ಫೋನಿನಲ್ಲಿ ಅವನು ನಗುತ್ತಿದ್ದ, ಅಥವಾ ಅಳುತ್ತಿದ್ದ, ಎರಡೂ ಇತ್ತು. ಆಗ ಗಮನಕ್ಕೆ ಬಂತು, ಆ ಕಡೆ ಬಸ್ಸಿನ ಸದ್ದೇ ಇರಲಿಲ್ಲ.

"ಮೊದಲ್ನೇ ಸಲಾನೇ ಕೇಳಿಸಿತ್ತು," ಅಂದ. "ಸುಮ್ನೆ ಇನ್ನೊಂದ್ಸಲ ಕೇಳೋಣ ಅನ್ನಿಸ್ತು."

ಬೈಯಬೇಕು ಅಂತ ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಮೂರನೇ ಸಲ ಹೇಳಿದೆ, ಮೆಲ್ಲಗೆ, ನಮ್ಮಿಬ್ಬರಿಗೆ ಮಾತ್ರ ಕೇಳಿಸುವಷ್ಟು.